ಪುಸ್ತಕದಲ್ಲಿಲ್ಲದ ಗುಬ್ಬಿ

ಸುವಾರ್ತಮ್ಮ ಹಟಕ್ಕೆ ಬಿದ್ದರೆ ಮುಗಿಯಿತು, ಊಟವೂ ಬೇಡ, ನಿದ್ದೆಯೂ ಬೇಡ. ಕ್ರಿಸ್ಮಸ್ ಕಳೆದ ಮಾರನೆಯ ದಿನ ವೇದಪುಸ್ತಕವನ್ನು ಮೊದಲ ಪುಟದಿಂದ ಹಿಡಿದವಳು, ಶ್ರೀನಿವಾಸಪುರದ ತೋಪುಗಳಲ್ಲಿ ಮಾವು ಹೂ ಬಿಟ್ಟು, ಹೂ ಉದುರಿ, ಹೀಚು ಕಟ್ಟುವ ಹೊತ್ತಿಗೆ ಕೊನೆಯ ಪುಟ ಮುಟ್ಟಿದಳು. ಹುಡುಕಿದ್ದು ಒಂದೇ ಒಂದು ಕಥೆ, ಗುಬ್ಬಿಗಳದು. ಸಿಗಲಿಲ್ಲ. ಕನ್ನಡಕ ಒರೆಸಿಕೊಂಡು, ಯೇಸುವಿನ ಬದುಕು ಹೇಳುವ ನಾಲ್ಕು ಸುವಾರ್ತೆಗಳನ್ನು ಇನ್ನೊಂದು ಸಲ ತಿರುವಿದಳು. ಊಹೂಂ, ಇಲ್ಲವೇ ಇಲ್ಲ.

ಕಥೆ ಅವಳ ಅವ್ವ ಹೇಳುತ್ತಿದ್ದದ್ದು. ಐದು ವರ್ಷದ ಬಾಲಯೇಸು ಹಳ್ಳದ ದಂಡೆಯಲ್ಲಿ ಕೂತು ಜೇಡಿಮಣ್ಣಿನಲ್ಲಿ ಹನ್ನೆರಡು ಗುಬ್ಬಿ ಮಾಡಿದನಂತೆ. ಅದು ಸಬ್ಬತ್ ದಿನ, ಕೆಲಸ ಮಾಡಬಾರದ ದಿನ. ದೊಡ್ಡವರು ಬಂದು ಗದರಿದರೆ, ಚಪ್ಪಾಳೆ ತಟ್ಟಿ "ಹೋಗಿ" ಅಂದನಂತೆ. ಹನ್ನೆರಡೂ ಪುರ್ರೆಂದು ಹಾರಿಹೋದವಂತೆ. "ದೇವರ ಪುಸ್ತಕದಾಗೇ ಐತೆ ಕಣೇ" ಎಂದು ಅವ್ವ ಆಣೆ ಇಟ್ಟ ಹಾಗೆ ಹೇಳುತ್ತಿದ್ದಳು. ಅವ್ವನಿಗೆ ಓದಲು ಬರುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಆ ಕಥೆಯನ್ನು ಸುವಾರ್ತಮ್ಮ ತನ್ನ ಮಗ ಕಾಂತರಾಜನಿಗೆ ಹೇಳಿದಳು. ಕಾಂತುವಿಗೆ ಆಗ ಏಳು ವರ್ಷ. ಜ್ವರದಲ್ಲಿ ಹಾಸಿಗೆ ಹಿಡಿದವನು ಕೆರೆಯ ಮಣ್ಣು ತರಿಸಿಕೊಂಡು, ಮಲಗಿದಲ್ಲೇ ಒಂದು ಗುಬ್ಬಿ ಮಾಡಿದ. "ಅಮ್ಮಾ, ನನ್ ಕೈಲಿ ಆಗಲ್ಲ, ನೀನೇ ಚಪ್ಪಾಳೆ ತಟ್ಟು" ಅಂದ. ಹಾರದೆ ಹೋದರೆ ಮಗುವಿನ ಮುಖ ಹೇಗೆ ನೋಡಲಿ ಎಂದು ಅವಳಿಗೆ ಹೆದರಿಕೆ. "ಮಣ್ಣು ಒಣಗ್ಲಿ ಕಂದ, ನಾಳೆ ತಟ್ತೀನಿ" ಅಂದಳು. ಮಾರನೆಯ ದಿನ ಮಣ್ಣು ಒಣಗಿತ್ತು, ಕಾಂತು ಇರಲಿಲ್ಲ. ಆ ಗುಬ್ಬಿಯನ್ನೂ ಅವನ ಪಕ್ಕದಲ್ಲೇ ಇಟ್ಟು ಮಣ್ಣು ಮುಚ್ಚಿದರು. ಆಮೇಲೆ ಇಪ್ಪತ್ತೆಂಟು ವರ್ಷ ಅಂಗನವಾಡಿಯಲ್ಲಿ ಊರಿನ ಮಕ್ಕಳಿಗೆಲ್ಲ ಚಪ್ಪಾಳೆ ತಟ್ಟಿಸಿ ಹಾಡು ಕಲಿಸಿದಳು ನಮ್ಮ ಸುವಾರ್ತಮ್ಮ. ಆ ಒಂದು ಚಪ್ಪಾಳೆ ತಟ್ಟಲಿಲ್ಲವಲ್ಲ ಎಂಬ ಕೊರಗು ಮಾತ್ರ ಒಂದು ದಿನವೂ ಬಿಡಲಿಲ್ಲ.

ಈಸ್ಟರ್ ಬೆಳಗ್ಗೆ ಊರಿನ ಕ್ರೈಸ್ತರೆಲ್ಲ ತಮ್ಮವರ ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಕಾಂತುವಿನ ಸಮಾಧಿಗೆ ಇದ್ದದ್ದು ಗೆದ್ದಲು ತಿಂದ ಮರದ ಶಿಲುಬೆ. ಈ ಸಲ ಕಲ್ಲು ನಿಲ್ಲಿಸಿ, ಅದರ ತಲೆಯ ಮೇಲೆ ರೆಕ್ಕೆ ಬಿಚ್ಚಿದ ಗುಬ್ಬಿ ಕೂರಿಸಬೇಕೆಂದು ಶಿವಾರಪಟ್ಟಣದ ಶಿಲ್ಪಿ ಕೋದಂಡಾಚಾರಿಗೆ ಹೇಳಿಯೂ ಆಗಿತ್ತು. ಚರ್ಚಿನ ಸಭೆಯ ಹಿರಿಯರು ಅಡ್ಡ ಬಂದರು. ವೇದಪುಸ್ತಕದಲ್ಲಿ ಇಲ್ಲದ ಕಥೆ ಸಮಾಧಿಯ ಮೇಲೆ ಬೇಡ ಅಂದರು. "ಇಲ್ಲ ಅಂತ ಯಾರಂದ್ರು? ತೋರಿಸ್ತೀನಿ ಇರಿ!" ಎಂದು ಜಗಳ ಆಡಿ ಬಂದಿದ್ದಳು. ಹಾಗೆ ಶುರುವಾದ ಹುಡುಕಾಟ ಅದು.

ಈಗ ಯಾವ ಮುಖ ಇಟ್ಟುಕೊಂಡು ಹೋಗುವುದು? ಆದರೂ ಹೋದಳು. ಪಾಸ್ಟರ್ ಅಮರನಾಥ್ ಅವಳ ಅಂಗನವಾಡಿಯಲ್ಲೇ ಉಪ್ಪಿಟ್ಟು ತಿಂದು ಬೆಳೆದವನು.

"ಅಯ್ಯನೋರೇ, ಸುತ್ತಿ ಬಳಸ್ದೆ ಹೇಳಿ. ಸಾಯೋ ಮಗೂಗೆ ನಾನು ಸುಳ್ಳು ಹೇಳಿದ್ನಾ?"

"ಇಲ್ಲ ಟೀಚರಮ್ಮ. ಕಥೆ ನಿಮ್ಮವ್ವ ಕಟ್ಟಿದ್ದಲ್ಲ, ತುಂಬ ಹಳೇದು. ಆದ್ರೆ ಯೇಸುಸ್ವಾಮಿನ ಕಣ್ಣಾರೆ ಕಂಡವರು ಬರೆದಿದ್ದಲ್ಲ, ಅವರೆಲ್ಲ ಹೋದ್ಮೇಲೆ ಇನ್ಯಾರೋ ಬರೆದಿದ್ದು. ಅದಕ್ಕೇ ಆ ಕಾಲದ ಹಿರಿಯರು ವೇದಪುಸ್ತಕಕ್ಕೆ ಸೇರಿಸ್ಕೊಳ್ಲಿಲ್ಲ."

ಸುವಾರ್ತಮ್ಮನ ಮುಖ ಅರಳಿತು. "ಹಂಗಾದ್ರೆ ಐತೆ! ಓದಿ, ಕೇಳ್ತೀನಿ."

"ಬೇಡ ಟೀಚರಮ್ಮ."

"ಓದೋ ಅಂದ್ರೆ!" ಮರ್ಯಾದೆಯೆಲ್ಲ ಮರೆತುಹೋಯಿತು.

ಅಮರನಾಥ್ ಮೊಬೈಲ್‌ನಲ್ಲಿ ಹುಡುಕಿ, ಕನ್ನಡ ಮಾಡಿಕೊಂಡು ಓದಿದ. ಗುಬ್ಬಿಗಳು ಹಾರಿದವು. ಸುವಾರ್ತಮ್ಮನ ಕಣ್ಣಲ್ಲಿ ನೀರು. ಅವನು ನಿಲ್ಲಿಸಲು ನೋಡಿದರೆ ಬಿಡಲಿಲ್ಲ, ಮುಂದೆ ಓದು ಅಂದಳು. ಸ್ವಲ್ಪ ಮುಂದೆ ಒಬ್ಬ ಹುಡುಗ ಓಡಿಬರುತ್ತಾ ಬಾಲಯೇಸುವಿನ ಭುಜಕ್ಕೆ ಡಿಕ್ಕಿ ಹೊಡೆದ. ಯೇಸುವಿಗೆ ಸಿಟ್ಟು ಬಂತು. ಒಂದು ಮಾತು ಅಂದ. ಹುಡುಗ ಅಲ್ಲೇ ಬಿದ್ದು ಸತ್ತ.

"ಮುಚ್ಚಪ್ಪ ಅದನ್ನ" ಅಂದಳು ಸುವಾರ್ತಮ್ಮ. ದೇವರು ಸಿಟ್ಟಿನಿಂದ ನನ್ನ ಮಗುವನ್ನು ಕಿತ್ತುಕೊಳ್ಳಲಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ ಇಷ್ಟು ವರ್ಷ ಉಸಿರಾಡಿದವಳು ಅವಳು. "ನನ್ ಸ್ವಾಮಿ ಅಂಥೋನಲ್ಲ. ಹೊರಗಿಟ್ಟಿದ್ದೇ ಒಳ್ಳೇದಾಯ್ತು." ಆಮೇಲೆ ಸೋತ ದನಿಯಲ್ಲಿ ಕೇಳಿದಳು: "ಗುಬ್ಬೀನೂ ಬಿಟ್ಬಿಡ್ಬೇಕಾ?"

"ಆ ಕಥೇನ ಓದಬಹುದು ಟೀಚರಮ್ಮ. ಸ್ವಾಮಿ ಬಗ್ಗೆ ಹಳಬರು ಏನೇನು ಆಸೆಪಟ್ರು, ಎಲ್ಲಿ ದಾರಿ ತಪ್ಪಿದ್ರು, ಎರಡೂ ಅದರಲ್ಲಿ ಕಾಣ್ಸತ್ತೆ. ಆದ್ರೆ ಅದನ್ನೇ ನಂಬ್ಕೊಂಡು ಭಾರ ಬಿಟ್ಟು ಒರಗಿಕೊಳ್ಳೋಕೆ ಆಗಲ್ಲ."

ಮಾರನೆಯ ದಿನ ಕೋಲಾರದ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಹತ್ತಿ, ಗುಬ್ಬಿ ಬೇಡವೆಂದು ಹೇಳಲು ಶಿವಾರಪಟ್ಟಣಕ್ಕೆ ಹೋದಳು.

"ಅಯ್ಯೋ, ಆಗ್ಲೇ ಮುಗಿಸ್ಬಿಟ್ನಲ್ಲಮ್ಮ!" ಅಂದ ಕೋದಂಡಾಚಾರಿ. ಅಂಗೈಯಗಲದ ಕರಿಕಲ್ಲಿನ ಗುಬ್ಬಿ, ಈಗಲೋ ಆಗಲೋ ಹಾರುವಂತಿತ್ತು. ಸುವಾರ್ತಮ್ಮ ಅದನ್ನು ನೋಡಲಾರದೆ ಆಚೆ ತಿರುಗಿದಳು. ಅಂಗಳದ ಹೊಂಗೆಮರದ ಕೆಳಗೆ ಐದಾರು ದೇವರ ವಿಗ್ರಹಗಳು ನಿಂತಿದ್ದವು.

"ಇವ್ಯಾಕೆ ಆಚಾರ್ರೇ ಇಲ್ಲಿ ನಿಂತವೆ?"

"ಕಲ್ಲಲ್ಲಿ ಬಿರುಕು ಬಂತಮ್ಮ. ಗುಡಿಗೆ ಹೋಗಂಗಿಲ್ಲ, ಪೂಜೆಗೂ ಇಲ್ಲ. ಹಂಗಂತ ಒಡೆಯಕ್ಕೆ ಕೈ ಬರ್ತದಾ? ನಮ್ಮಪ್ಪ ಕೆತ್ತಿದ್ದು. ದಿನಾ ಎದ್ದು ನೋಡ್ತೀನಿ. ಕೈ ಮಾತ್ರ ಮುಗಿಯಲ್ಲ."

ಸುವಾರ್ತಮ್ಮ ಅಲ್ಲೇ ಜಗಲಿಯ ಮೇಲೆ ಕೂತಳು. ಮೂರು ತಿಂಗಳು ತಿರುವಿದ ಪುಟಗಳಲ್ಲಿ ಒಂದು ಗುಬ್ಬಿ ಇತ್ತು, ಅದು ಈಗ ನೆನಪಾಯಿತು. ಪರಲೋಕದ ತಂದೆಗೆ ತಿಳಿಯದೆ ಒಂದು ಗುಬ್ಬಿಯೂ ನೆಲಕ್ಕೆ ಬೀಳುವುದಿಲ್ಲ ಎಂದು ಸ್ವಾಮಿ ಹೇಳಿದ ಮಾತು. ಕಣ್ಣಿಗೆ ಬಿದ್ದಿತ್ತು, ದಾಟಿಕೊಂಡು ಹೋಗಿದ್ದಳು. ಅವಳು ಹುಡುಕುತ್ತಿದ್ದದ್ದು ಹಾರಿದ ಗುಬ್ಬಿಯನ್ನು. ಇದು ಬಿದ್ದ ಗುಬ್ಬಿ.

"ಆಚಾರ್ರೇ, ಸಮಾಧಿಗೆ ಬೇರೆ ಮಾಡ್ಕೊಡಿ. ರೆಕ್ಕೆ ಮುಚ್ಕೊಂಡು ನೆಲದ ಮೇಲೆ ಬಿದ್ದಿರ್ಬೇಕು. ಇದನ್ನ ನಾನು ಮನೆಗೆ ತಗೊಂಡ್ ಹೋಗ್ತೀನಿ."

ಈಸ್ಟರ್ ಬೆಳಗ್ಗೆ ಹಿರಿಯರು ಬಿದ್ದ ಗುಬ್ಬಿಯನ್ನು ನೋಡಿದರು, ವೇದಪುಸ್ತಕದಲ್ಲಿರುವ ಗುಬ್ಬಿಯೇ ಎಂದು ಒಪ್ಪಿದರು. ಅಮರನಾಥ್ ಪ್ರಾರ್ಥನೆ ಮಾಡಿದ. ಸುವಾರ್ತಮ್ಮ ಹೂವಿಟ್ಟು, ಬತ್ತಿ ಹಚ್ಚಿ, ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಕಿಟಕಿಯ ಕಟ್ಟೆಯ ಮೇಲೆ ರೆಕ್ಕೆ ಬಿಚ್ಚಿದ ಗುಬ್ಬಿ ಬಿಸಿಲು ಕಾಯುತ್ತಿತ್ತು. ಅದರ ಎದುರು ನಿಂತು, ಎರಡೂ ಕೈ ಎತ್ತಿ, ಜೋರಾಗಿ ಒಂದು ಚಪ್ಪಾಳೆ ತಟ್ಟಿದಳು.

ಹಾರಲಿಲ್ಲ. ಕಲ್ಲು ಎಲ್ಲಾದರೂ ಹಾರುವುದುಂಟೇ?

"ಹಾರ್ಲಿಲ್ಲ ಕಣೋ ಕಾಂತು" ಅಂದಳು. "ಅವತ್ತೂ ಹಾರ್ತಿರ್ಲಿಲ್ಲ. ಆದ್ರೂ ತಟ್ಬೇಕಾಗಿತ್ತು ಕಂದ. ನೀನು ಕೇಳಿದ್ದೆಯಲ್ಲ."