ಪ್ರಶ್ನೆಯೊಳಗಿನ ಮನುಷ್ಯ

ಪರೀಕ್ಷೆಗೆ ಕೂರುವ ಹೊಸ ನರ್ಸುಗಳಿಗೆ ಪಾಠ ಹೇಳುವ ಕೆಲಸ ಈಗ ನನ್ನ ಹೆಗಲಿಗೆ ಬಿದ್ದಿದೆ. ಆಪರೇಷನ್ ಮುಗಿಸಿ ಬಂದವರನ್ನು ಅರಿವಳಿಕೆಯ ಮಂಪರಿನಿಂದ ಎಚ್ಚರಕ್ಕೆ ತಂದು, ಉಸಿರು ನೆಟ್ಟಗಾದ ಮೇಲೆ ವಾರ್ಡಿಗೆ ಕಳಿಸುವುದು ನಮ್ಮ ರಿಕವರಿ ಕೋಣೆಯ ಕಸುಬು. ಆ ಕಸುಬು ಬರುತ್ತದೆ ಎಂದು ಸರ್ಟಿಫಿಕೇಟ್ ಕೊಡುವ ಪರೀಕ್ಷೆ ಇದು. ಹುಡುಗಿಯರು ಮೊಬೈಲಿನಲ್ಲೇ ಪ್ರಶ್ನೆ ಬಿಡಿಸುತ್ತಾರೆ. ಉತ್ತರ ತಪ್ಪಾದರೆ ಅದು 'ಟೊಂಯ್' ಅನ್ನುತ್ತದೆ. ನಮ್ಮ ಕಾಲಕ್ಕೆ ಟೊಂಯ್ ಅನ್ನುವುದಕ್ಕೆ ನನ್ನ ಗಂಡನ ಅಣ್ಣ, ಭಾವನವರಿದ್ದರು.

ಆಗ ನನ್ನ ಜೊತೆ ಅದೇ ಪರೀಕ್ಷೆಗೆ ಓದಿದವಳು ಅಕ್ಕ, ಅಂದರೆ ನನ್ನ ಓರಗಿತ್ತಿ, ಭಾವನ ಹೆಂಡತಿ. ಓರಗಿತ್ತಿಯರು ಒಂದೇ ಅಡುಗೆಮನೆಯಲ್ಲಿದ್ದರೆ ಪಾತ್ರೆ ಸದ್ದಾಗುತ್ತದೆ ಅನ್ನುತ್ತಾರೆ. ನಾವು ಅಡುಗೆಮನೆಯ ಜೊತೆಗೆ ರಿಕವರಿ ಕೋಣೆಯನ್ನೂ ಹಂಚಿಕೊಂಡಿದ್ದೆವು. ನನ್ನನ್ನು ಅಲ್ಲಿಗೆ ಸೇರಿಸಿ ಕೆಲಸ ಕಲಿಸಿದವಳೂ ಅವಳೇ. ಮೊದಮೊದಲು ನೀವು, ತಾವು ಅನ್ನುತ್ತಿದ್ದೆ. ಇಬ್ಬರೂ ಒಂದೇ ಪುಸ್ತಕ ಹಿಡಿದು ಓದಲು ಕೂತ ಮೇಲೆ ಅದು ತಾನಾಗಿ 'ನೀನು' ಆಯಿತು. ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಅವಳು 'ಎಬ್ಬಿಸೋ ಸಿಸ್ಟರ್'. ಎಂಥ ಗಾಢ ಮಂಪರಿನಲ್ಲಿದ್ದವರೂ ಅವಳು ಕಿವಿಯ ಹತ್ತಿರ ಬಗ್ಗಿ ಹೆಸರು ಹಿಡಿದು ಕರೆದರೆ ಒಂದು ಕಣ್ಣಾದರೂ ಬಿಡುತ್ತಿದ್ದರು.

ಅಂಥವಳು ಪರೀಕ್ಷೆಯಲ್ಲಿ ಒಂದು ಸಲ ಫೇಲಾಗಿದ್ದಳು. ಸರ್ಟಿಫಿಕೇಟ್ ಇಲ್ಲದವರು ರಿಕವರಿಯಲ್ಲಿ ಇರುವಂತಿಲ್ಲ ಎಂದು ಆಸ್ಪತ್ರೆಯವರು ಆಗಲೇ ಹೇಳಿಬಿಟ್ಟಿದ್ದರು. ಈ ಸಲವೂ ಹೋದರೆ ಅವಳನ್ನು ಹೊರರೋಗಿಗಳ ಕೌಂಟರಿಗೆ ಹಾಕುತ್ತಾರೆ, ಮತ್ತೆ ವಾಪಸ್ ಕರೆಯುವುದಿಲ್ಲ.

"ಅಲ್ಲಿ ಕೂತು ಚೀಟಿ ಹರೀಬೇಕಾ? ಎಚ್ಚರ ಇರೋರ ಹತ್ರ ನಂಗೆ ಮಾತಾಡೋಕೇ ಬರಲ್ಲ ಕಣೇ," ಎಂದು ನಗಾಡುತ್ತಿದ್ದಳು. ನಗು ಮೇಲುಮೇಲಿನದು. ಆ ಕೋಣೆ ಬಿಟ್ಟರೆ ಅವಳು ನೀರಿಂದ ತೆಗೆದ ಮೀನಾಗುತ್ತಾಳೆ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅವಳು ಓದದೆ ಫೇಲಾದವಳಲ್ಲ. ಮದ್ದುಗಳ ಹೆಸರು, ಪ್ರಮಾಣ, ಅಡ್ಡಪರಿಣಾಮ, ಎಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. ತೊಂದರೆ ಇದ್ದದ್ದು ಬೇರೆ ಕಡೆ. ಸಂಜೆ ಅವಳು ತರಕಾರಿ ಹೆಚ್ಚುವಾಗ ನಾನು ಎದುರು ಕೂತು ಪ್ರಶ್ನೆ ಓದುತ್ತಿದ್ದೆ.

"ಅರವತ್ತು ದಾಟಿದ ಗಂಡಸು. ಹರ್ನಿಯಾ ಆಪರೇಷನ್ ಆಗಿದೆ. ಚಡಪಡಿಸುತ್ತಿದ್ದಾನೆ, ಆಕ್ಸಿಜನ್ ಮಾಸ್ಕ್ ಕೀಳುತ್ತಿದ್ದಾನೆ. ನರ್ಸ್ ಮೊದಲು ಏನು ಮಾಡಬೇಕು? ಒಂದು, ಆಕ್ಸಿಜನ್ ಮಟ್ಟ ನೋಡಬೇಕು. ಎರಡು, ನೋವಿನ ಮದ್ದು ಕೊಡಬೇಕು. ಮೂರು, ಮೂತ್ರ ಕಟ್ಟಿದೆಯೇ ನೋಡಬೇಕು. ನಾಲ್ಕು, ಸಮಾಧಾನ ಹೇಳಬೇಕು."

"ಇವನ ಜೊತೆಗೆ ಯಾರು ಬಂದಿದಾರೆ?"

"ಯಾರೂ ಬಂದಿಲ್ಲ."

"ಅಯ್ಯೋ ಪಾಪ."

"ಅಕ್ಕಾ, ಅವನು ಮನುಷ್ಯ ಅಲ್ಲ, ಪ್ರಶ್ನೆ."

"ಹಲ್ಲಿನ ಸೆಟ್ಟು ತೆಗೆದಿಟ್ಟಿರ್ತಾರೆ. ಬೊಚ್ಚು ಬಾಯಿ ಬಿಡೋಕೆ ನಾಚಿಕೆ. ಈ ವಯಸ್ಸಿನ ಗಂಡಸರು ಒಂದಕ್ಕೆ ಬಂದಿದೆ ಅಂತ ಬಾಯಿಬಿಟ್ಟು ಹೇಳಲ್ಲ ಕಣೇ, ಮಾಸ್ಕ್ ಕೀಳ್ತಾರೆ. ಬರ್ಕೋ, ಮೂರು."

ಪೇಪರಿನ ಹಿಂದಿನಿಂದ ಭಾವ "ಟೊಂಯ್" ಅನ್ನುತ್ತಿದ್ದರು. ಚಡಪಡಿಸುವವನಿಗೆ ಮೊದಲು ಆಕ್ಸಿಜನ್ ನೋಡಬೇಕು ಎನ್ನುವುದು ಅಷ್ಟರಲ್ಲಿ ಅವರಿಗೂ ಬಾಯಿಪಾಠವಾಗಿತ್ತು. ಅಕ್ಕ ಚಾಕು ಹಿಡಿದೇ ಅವರ ಕಡೆ ತಿರುಗಿ, "ನಿಮಗೆ ಹರ್ನಿಯಾ ಆಗಲಿ, ಆವಾಗ ನೋಡ್ತೀನಿ," ಅನ್ನುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ಮುಖಕ್ಕೇ ಹೇಳಿದ್ದೂ ಉಂಟು. ಪ್ರಶ್ನೆಯಲ್ಲಿ ಇಲ್ಲದ್ದನ್ನು ಓದಬೇಡ ಎಂದು ಎಷ್ಟು ಬಡಿದುಕೊಂಡರೂ ಅವಳಿಗೆ ಮೊದಲು ಕಾಣುತ್ತಿದ್ದದ್ದು ಇಲ್ಲದ್ದೇ.

ಭಾವನವರಿಗೆ ಇನ್ನೊಂದು ಕೆಲಸವೂ ಇತ್ತು. ಊಟವಾದ ಮೇಲೆ ನಡುಮನೆಯ ಮಂಚದ ಮೇಲೆ ಮಲಗಿ ಅವರು ರೋಗಿಯಾಗಬೇಕು, ನಾವು ಅಂಕ ಹಾಕಬೇಕು. ಕೈಕಾಲಿನ ಆಟ, ಉಸಿರು, ರಕ್ತದೊತ್ತಡ, ಎಚ್ಚರ, ಆಕ್ಸಿಜನ್, ಪ್ರತಿಯೊಂದಕ್ಕೂ ಎರಡೆರಡು ಅಂಕ. ಹತ್ತಕ್ಕೆ ಒಂಬತ್ತಾದರೂ ಬಂದರೆ ವಾರ್ಡಿಗೆ ಬಿಡಬಹುದು. ಭಾವ ನಟಿಸಲು ಮಲಗಿ ನಿಜವಾಗಿಯೇ ಗೊರಕೆ ಹೊಡೆದುಬಿಡುತ್ತಿದ್ದರು.

"ಎಚ್ಚರಕ್ಕೆ ಸೊನ್ನೆ," ಅನ್ನುತ್ತಿದ್ದಳು ಅಕ್ಕ. "ಕೈಕಾಲಿಗೂ ಸೊನ್ನೆ. ಅದು ಮದುವೆಯಾದಾಗಿಂದ ಸೊನ್ನೆನೇ."

ಮಕ್ಕಳು ಬಿದ್ದೂ ಬಿದ್ದೂ ನಗುತ್ತಿದ್ದರು, ಆ ಸದ್ದಿಗೆ ಭಾವ ಎದ್ದು ಕೂತು "ಪಾಸಾ?" ಎಂದು ಕೇಳುತ್ತಿದ್ದರು. ಆ ಮಂಚ, ಆ ನಗು, ತರಕಾರಿ ಸಿಪ್ಪೆ ಅಂಟಿದ ಆ ಪುಸ್ತಕ, ಅಷ್ಟು ಸುಖವಾಗಿ ನಾನು ಆಮೇಲೆ ಯಾವತ್ತೂ ಓದಲಿಲ್ಲ.

ಹೀಗೆ ನಡೆಯುತ್ತಿದ್ದಾಗ ಒಂದು ಮಧ್ಯಾಹ್ನ ಆಪರೇಷನ್ ಥಿಯೇಟರಿನಿಂದ ಒಬ್ಬ ದಪ್ಪ ಮನುಷ್ಯನನ್ನು ಟ್ರಾಲಿಯಲ್ಲಿ ತಂದರು. ಪ್ರಶ್ನೆಯಲ್ಲಿದ್ದ ಹಾಗೆಯೇ ಅರವತ್ತು ದಾಟಿದವರು, ಹರ್ನಿಯಾ. ಸ್ವಲ್ಪ ಹೊತ್ತಿಗೆ ಕೈ ಬೀಸತೊಡಗಿದರು, ಮಾಸ್ಕ್ ಕಿತ್ತರು. ಆ ಗಲಾಟೆಯಲ್ಲಿ ಆಕ್ಸಿಜನ್ ತೋರಿಸುವ ಕ್ಲಿಪ್ಪು ಬೆರಳಿನಿಂದ ಜಾರಿಬಿತ್ತು. ಅಕ್ಕ ಅವರ ಕಿವಿಯ ಹತ್ತಿರ ಬಗ್ಗಿ, "ಒಂದಕ್ಕೆ ಬಂದಿದೆಯಾ ಯಜಮಾನರೇ? ನಾಚಿಕೆ ಬೇಡ," ಎಂದು ಕೇಳುತ್ತಿದ್ದಳು. ಅವರು ತಲೆಯಾಡಿಸಿದ ಹಾಗೂ ಇತ್ತು. ನಾನು ಆ ಕಡೆಯಿಂದ ಬಂದು ಕ್ಲಿಪ್ಪು ಮತ್ತೆ ಸಿಕ್ಕಿಸಿದೆ. ಅಂಕಿ ಇಳಿಯುತ್ತಿತ್ತು. ಯಂತ್ರ ಕೂಗಿಕೊಂಡಿತು.

ಅಕ್ಕನ ಕೈ ನನಗಿಂತ ಮುಂಚೆ ಅಲ್ಲಿಗೆ ಹೋಯಿತು. ದವಡೆ ಎತ್ತಿ ಹಿಡಿದಳು, ಹಿಂದಕ್ಕೆ ಬಿದ್ದಿದ್ದ ನಾಲಿಗೆ ಸರಿದು ದಾರಿ ಬಿಟ್ಟಿತು, ಎದೆ ಏರಿತು. ಅರಿವಳಿಕೆ ಡಾಕ್ಟರು ಓಡಿಬರುವಷ್ಟರಲ್ಲಿ ನೀಲಿಗಟ್ಟಿದ್ದ ತುಟಿಗೆ ಬಣ್ಣ ಮರಳಿತ್ತು. ಆ ಯಜಮಾನರಿಗೆ ಒಂದಕ್ಕೂ ಬಂದಿತ್ತು ಎನ್ನುವುದು ಆಮೇಲಿನ ಮಾತು.

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಅವಳು ಗುಂಡಿಗಳನ್ನು ತಪ್ಪು ತೂತಿಗೆ ಹಾಕಿಕೊಳ್ಳುತ್ತಿದ್ದಳು. ಬಿಚ್ಚಿ ನಾನೇ ಹಾಕಿದೆ.

"ಪುಸ್ತಕ ಬರೆದೋರು ದಡ್ಡರಲ್ಲ ಕಣೇ," ಎಂದಳು. "ನಾನು ಮುಖ ನೋಡ್ತಾ ನಿಂತೆ. ಉಸಿರು ನೋಡಲಿಲ್ಲ."

ಅವತ್ತಿನಿಂದ ಅವಳು ಓದುವ ರೀತಿಯೇ ಬದಲಾಯಿತು. ನಾನು ಪ್ರಶ್ನೆ ಓದಿದರೆ ಕಣ್ಣು ಮುಚ್ಚಿ "ಗಂಟಲು, ಉಸಿರು, ರಕ್ತ" ಎಂದು ನೋಡಬೇಕಾದ ಕ್ರಮವನ್ನು ಬಾಯೊಳಗೇ ಅಂದುಕೊಂಡು ಉತ್ತರ ಹೇಳುತ್ತಿದ್ದಳು. ಜೊತೆಗೆ ಯಾರು ಬಂದಿದ್ದಾರೆ ಎಂದು ಕೇಳುವುದು ನಿಂತಿತು. ಹಲ್ಲಿನ ಸೆಟ್ಟು, ನಾಚಿಕೆ, ಮನೆಯಲ್ಲಿ ಕಾಯುವ ಹೆಂಡತಿ, ಎಲ್ಲರೂ ನಮ್ಮ ಅಡುಗೆಮನೆ ಬಿಟ್ಟು ಹೊರಟುಹೋದರು. ಉತ್ತರಗಳು ಒಂದರ ಹಿಂದೊಂದು ಸರಿಯಾದವು. "ಈಚೆಗೆ ನಂಗೆ ಕೆಲಸಾನೇ ಇಲ್ಲ," ಎಂದು ಭಾವ ಗೊಣಗಿದರು. ನನಗಂತೂ ಹೆಮ್ಮೆಯೋ ಹೆಮ್ಮೆ, ಕೊನೆಗೂ ದಾರಿಗೆ ತಂದೆನಲ್ಲ ಎಂದು.

ಪರೀಕ್ಷೆ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಸಾಲಾಗಿ ಕಂಪ್ಯೂಟರುಗಳು, ನಡುನಡುವೆ ಹಲಗೆಯ ಅಡ್ಡ. ಮುಗಿಸಿ ಬಂದವರ ಕೈಗೆ ಬಾಗಿಲಲ್ಲೇ ಫಲಿತಾಂಶದ ಹಾಳೆ ಕೊಡುತ್ತಿದ್ದರು. ನಾನು ಮೊದಲು ಎದ್ದೆ. ಪಾಸಾಗಿದ್ದೆ. ಕೆಳಗೆ ಮೆಟ್ಟಿಲ ಮೇಲೆ ಕೂತು ಅವಳಿಗಾಗಿ ಕಾದೆ.

ಬಹಳ ಹೊತ್ತಾದ ಮೇಲೆ ಅವಳು ಗೋಡೆ ಹಿಡಿದುಕೊಂಡು ಇಳಿದು ಬಂದಳು. ಮುಖ ನೋಡಿಯೇ ಮತ್ತೆ ಫೇಲಾಗಿದ್ದಾಳೆ ಅಂದುಕೊಂಡೆ. ಪಕ್ಕದಲ್ಲಿ ಕೂತು ಹಾಳೆಯನ್ನು ಮಡಿಲಲ್ಲಿ ಮಗುಚಿಟ್ಟುಕೊಂಡಳು.

"ಹೋಗ್ಲಿ ಬಿಡಕ್ಕ," ಎಂದೆ. "ನಾವಿಬ್ಬರೂ ಹೋಗಿ ಮೇಟ್ರನ್ ಮೇಡಮ್ಮನ್ನ ಕೇಳೋಣ, ನಿನ್ನ ರಿಕವರೀಲೇ ಇಟ್ಕೊಳ್ಳಿ ಅಂತ. ನಾನು ಮಾತಾಡ್ತೀನಿ."

"ಪಾಸಾಗಿದೀನಿ ಕಣೇ."

"ಮತ್ತೆ ಯಾಕೆ ಹಿಂಗಿದೀಯ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಷ್ಟೊಂದು ಜನ ಬಂದ್ರು ಕಣೇ. ಒಬ್ಬಳಿಗೆ ಹೊಟ್ಟೇಲಿದ್ದ ಮಗು ಹೋಗಿತ್ತು. ಒಬ್ಬ ಮುದುಕನಿಗೆ ತಾನೆಲ್ಲಿದೀನಿ ಅಂತಾನೇ ಗೊತ್ತಿಲ್ಲ. ಗಂಟಲು, ಉಸಿರು, ರಕ್ತ ಅಂದ್ಕೊಂಡು ಒತ್ತಿ ಒತ್ತಿ ಕಳಿಸಿಬಿಟ್ಟೆ. ಒಬ್ಬರ ಮುಖಾನೂ ನೋಡಲಿಲ್ಲ. ನೋಡಿದ್ರೆ ಫೇಲಾಗ್ತಿದ್ದೆ."

ನನಗೆ ಮೊದಲು ನಗು ಬಂತು. ಅವು ಪ್ರಶ್ನೆಗಳು, ಮನುಷ್ಯರಲ್ಲ ಎಂದು ಮತ್ತೆ ಹೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ನೆನಪಾಯಿತು. ಅದೇ ಪ್ರಶ್ನೆಗಳು ನನಗೂ ಬಂದಿದ್ದವು. ಆ ಹೆಂಗಸು, ಆ ಮುದುಕ, ಇಬ್ಬರೂ ನನ್ನ ಕಂಪ್ಯೂಟರಿನ ಪರದೆಯ ಮೇಲೂ ಹಾದುಹೋಗಿದ್ದರು. ಅವರ ಮುಖ ನೋಡದೆ ಇರುವುದನ್ನು ಅಕ್ಕ ಅಷ್ಟು ದಿನ ಹೆಣಗಾಡಿ ಕಲಿತಿದ್ದಳು. ನನಗೆ ಅದನ್ನು ಕಲಿಯುವ ಅಗತ್ಯವೇ ಬಂದಿರಲಿಲ್ಲ.