ಟೈಲರ್ ಮಾವ ಒಳಗೆ ಕೂತ ದಿನ

ಆ ನಾಲ್ಕು ರಸ್ತೆ ಕೂಡುವ ಮೂಲೆಯಿಂದ ಮೂರನೆಯ ಮನೆಯಲ್ಲೇ, ಗಾಡಿ ಎಣಿಸಲು ಬಂದ ಸರ್ವೆಯವಳು ಹುಟ್ಟಿ ಬೆಳೆದದ್ದು. ಕಚೇರಿಯ ಸಾಹೇಬರಿಗೆ ಅದು ಗೊತ್ತಿದ್ದರೆ, ತನ್ನ ಬೀದಿಯ ಪರ ಬರೆದಾಳೆಂದು ಈ ಕೆಲಸಕ್ಕೆ ಅವಳನ್ನು ಕಳಿಸುತ್ತಲೇ ಇರಲಿಲ್ಲ. ಅವಳೂ ಬಾಯಿ ಬಿಡಲಿಲ್ಲ. ಅಲ್ಲಿ ‘ನಿಲ್ಲಿ’ ಎಂಬ ಫಲಕ ಬೇಕೋ ಬೇಡವೋ ಹೇಳಬೇಕು, ಅಷ್ಟೇ. ನೂರು ಗಾಡಿ ಎಣಿಸಬೇಕು. ಮೂವತ್ತಕ್ಕಿಂತ ಹೆಚ್ಚು ಗಾಡಿ ನಿಧಾನಿಸದೆ ನುಗ್ಗಿದರೆ ಫಲಕ, ಇಲ್ಲದಿದ್ದರೆ ಅರ್ಜಿ ಕಸದ ಬುಟ್ಟಿಗೆ.

ಅರ್ಜಿ ಹಾಕಿದ್ದವರು ಮೂಲೆಮನೆಯ ಟೈಲರ್ ಮಾವ. ಯಾರಿಗೂ ರಕ್ತಸಂಬಂಧಿಯಲ್ಲ, ಬೀದಿಗೆಲ್ಲ ಮಾವ. ಬಾಗಿಲ ಹೊರಗೆ ಹೊಲಿಗೆ ಯಂತ್ರ ಇಟ್ಟುಕೊಂಡು ನಲವತ್ತು ವರ್ಷದಿಂದ ಅಲ್ಲೇ ಕೂತವರು.

ಮೊದಲ ದಿನ ನೂರಕ್ಕೆ ನುಗ್ಗಿದ್ದು ನಾಲ್ಕೇ ಗಾಡಿ. ಅರೆ, ಇದೇನಪ್ಪಾ ಎಂದುಕೊಂಡು ಕತ್ತೆತ್ತಿ ನೋಡಿದರೆ ಗುಟ್ಟು ರಟ್ಟಾಯಿತು. ಹಾಲಿನವನು ಬ್ರೇಕ್ ಒತ್ತಿ, “ಏನ್ ಮಾವ, ತಿಂಡಿ ಆಯ್ತಾ?” ಎನ್ನುತ್ತಿದ್ದ. ಸ್ಕೂಟರ್ ಹೆಂಗಸು ನಿಧಾನಿಸಿ ಕೈಯೆತ್ತಿದಳು. ಲೆಕ್ಕಿಸದೆ ಬಂದವನಿಗೆ ಮಾವ, “ಏಯ್, ಇದೇನ್ ನಿಮ್ಮಪ್ಪನ ಮನೆ ರಸ್ತೆಯೇನೋ?” ಎಂದು ಗದರಿದರೆ ಸಾಕು, ಅವನ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು.

ಅವಳೂ ಆ ಗದರಿಕೆ ತಿಂದವಳೇ. ಒಂಬತ್ತು ವರ್ಷದವಳಿದ್ದಾಗ ಅಣ್ಣನ ಸೈಕಲ್ಲು ಕದ್ದು, ಸೀಟು ಎಟುಕದೆ ನಿಂತೇ ತುಳಿಯುತ್ತ ಇದೇ ಮೂಲೆಗೆ ನುಗ್ಗಿದ್ದಳು. ಮಾವ ಓಡಿಬಂದು ಕ್ಯಾರಿಯರ್ ಹಿಡಿದೆಳೆದರು. ಲಾರಿ ಮೂಗಿನ ಮುಂದೆಯೇ ಹಾದುಹೋಯಿತು. ಬಿದ್ದು ಫ್ರಾಕು ಹರಿಯಿತು. ಒಂದೇ ಸಮ ಬೈಯುತ್ತಲೇ ಅದನ್ನು ಹೊಲಿದು ಕೊಟ್ಟರು. ಬಿಸಿ ಇಸ್ತ್ರಿಪೆಟ್ಟಿಗೆಯ ವಾಸನೆ, ಯಂತ್ರದ ಎಣ್ಣೆಯ ಜಿಡ್ಡು, “ಅಮ್ಮಂಗೆ ಹೇಳ್ಬೇಡಿ ಮಾವ” ಎಂಬ ತನ್ನ ಅಳು. ಅಮ್ಮನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಆ ದಿನಗಳು ಮತ್ತೆ ಬರಬಾರದೇ ಎಂದುಕೊಂಡಳು.

ಆ ಲೆಕ್ಕ ಕಚೇರಿಗೆ ಕೊಡದೆ ಮರುದಿನ ಮತ್ತೆ ಎಣಿಸಲು ಬಂದವಳು ನೇರವಾಗಿ ಹೇಳಿದಳು, “ಮಾವ, ಇವತ್ತು ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳಿ. ನೀವು ಕೂತಿದ್ರೆ ನಾನು ಎಣಿಸೋದು ರಸ್ತೆನಲ್ಲ, ನಿಮ್ಮನ್ನ.”

“ಅದಕ್ಕೇ ತಾನೇ ಅರ್ಜಿ ಹಾಕಿದ್ದು, ಪೆದ್ದಿ! ಸೂಜಿಗೆ ದಾರ ಪೋಣಿಸೋಕೆ ಕಣ್ಣು ಕಾಣಲ್ಲ. ಮುಂದಿನ ತಿಂಗಳು ತಂಗಿ ಮನೆಗೆ ಹೋಗ್ತಿದೀನಿ. ಆಮೇಲೆ ಇಲ್ಲಿ ಸ್ಕೂಲ್ ಮಕ್ಕಳು ರಸ್ತೆ ದಾಟ್ತಾವಲ್ಲ, ಅವಕ್ಕೆ ಯಾರಮ್ಮ ದಿಕ್ಕು? ಆ ತಗಡಾದ್ರೂ ನಿಂತಿರಲಿ.”

ಯಂತ್ರವನ್ನು ಇಬ್ಬರೂ ಹಿಡಿದು ಒಳಗಿಟ್ಟರು. ಬಾಗಿಲು ಮುಚ್ಚಿತು.

ಎಣಿಕೆ ಶುರುವಾಯಿತು. ಹಾಲಿನವನು ಮುಚ್ಚಿದ ಬಾಗಿಲ ಕಡೆ ತಿರುಗಿಯೂ ನೋಡದೆ ಬುರ್ರೆಂದು ಹೋದ. ಸ್ಕೂಟರ್ ಹೆಂಗಸು ಹಾರ್ನ್ ಒತ್ತಿ ನುಗ್ಗಿದಳು. ಥೂ, ಇಷ್ಟೇನಾ ಇವರ ಪ್ರೀತಿ ಎಂದು ಅವಳಿಗೆ ಸಿಟ್ಟು ಬಂತು. ಒಂದೊಂದು ಗೆರೆ ಎಳೆಯುವಾಗಲೂ ಪೆನ್ನು ಒತ್ತಿ ಎಳೆದಳು. ನೂರನೆಯ ಗಾಡಿ ಹೋದಾಗ ನುಗ್ಗಿದವು ನಲವತ್ತಮೂರು.

ಬಾಗಿಲು ತಟ್ಟಿದಳು. ಮಾವ ಬಾಗಿಲ ಹಿಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು.

“ಗೆದ್ವಿ ಮಾವ, ನಲವತ್ಮೂರು! ಫಲಕ ಬಂದೇ ಬರುತ್ತೆ.”

“ಭೇಷ್!” ಎಂದು ತೊಡೆ ತಟ್ಟಿದರು. ಆಮೇಲೆ ಸುಮ್ಮನೆ ಕೇಳುವವರಂತೆ ಕೇಳಿದರು, “ಬಾಗಿಲು ಯಾಕೆ ಹಾಕಿದೆ, ಮುದುಕ ಎಲ್ಲಿ ಅಂತ ಯಾರಾದ್ರೂ ನಿಂತು ಕೇಳಿದ್ರೇನಮ್ಮಾ?”

ಒಂದು ಸುಳ್ಳು ಹೇಳಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಈ ಮನುಷ್ಯನ ಮುಂದೆ ಅವಳ ಬಾಯಿಗೆ ಸುಳ್ಳು ಬರಲಿಲ್ಲ.

“ಇಲ್ಲ ಮಾವ.”

ಮಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಆಮೇಲೆ ಕಣ್ಣನ್ನೂ ಒರೆಸಿಕೊಂಡರು.

“ಒಳ್ಳೇದೇ ಆಯ್ತು ಬಿಡು, ಕೇಳೋಕೆ ನಿಂತಿದ್ರೆ ನಿನ್ನ ಲೆಕ್ಕ ಕೆಡ್ತಿತ್ತು,” ಎಂದರು. “ಬರ್ಕೋ. ಇಲ್ಲಿ ಯಾರೂ ನಿಲ್ಲಲ್ಲ ಅಂತ ಬರ್ಕೋ.”