ಇನ್ನಾಸಮ್ಮನ ನೀಲಿ ಪಟ್ಟಿ

ಚರ್ಚಿನಲ್ಲಿ ಶವಪೆಟ್ಟಿಗೆಯ ಮೇಲಿದ್ದ ನೀಲಿ ಪಟ್ಟಿಯನ್ನು ಫಿಲೋಮಿನಾ ಟೀಚರ್ ಎರಡೇ ಬೆರಳಿನಲ್ಲಿ ಎತ್ತಿದರು, ಹಾಲಿಗೆ ಬಿದ್ದ ನೊಣವನ್ನು ಎತ್ತುವ ಹಾಗೆ. ಮಡಚಿ, ಹೆಗಲ ಚೀಲದೊಳಗೆ ಹಾಕಿ, ಸರ್‍ರನೆ ಜಿಪ್ಪು ಎಳೆದರು.

"ಟೀಚರ್, ಅದು ನಮ್ಮವ್ವಂದು," ಎಂದಳು ಜಸಿಂತಾ. ಅವಳ ಅವ್ವ ಇನ್ನಾಸಮ್ಮ ಪೆಟ್ಟಿಗೆಯಲ್ಲಿ ಕ್ರಿಸ್‌ಮಸ್ಸಿನ ಸೀರೆ ಉಟ್ಟು ಮಲಗಿದ್ದಳು. ಮೈ ತೊಳೆದವರು ಎಷ್ಟು ಒತ್ತಿದರೂ ಬಾಯಿಯ ಒಂದು ಮೂಲೆ ಮಾತ್ರ ಮೇಲಕ್ಕೇ ನಿಂತಿತ್ತು.

"ಅವಳದಾಗಿತ್ತು. ಸಂಘದಿಂದ ತೆಗೆದ ಮೇಲೆ ಸಂಘದ್ದು. ಯಾರನ್ನ ಕೇಳಿ ಸಂಘದ ಬೀರು ತೆಗೆದೆ?"

"ತೆಗ್ದೇ ಇತ್ತು. ತಗೊಂಡೆ."

"ಸರಿ ಹೋಯ್ತು. ಅವ್ವನ ಹಾಗೇ ಮಗಳು."

ಹನಗೋಡಿನ ಆಚೆ ರಾಯಪ್ಪನಕೊಪ್ಪಲಿನಲ್ಲಿ ಫಿಲೋಮಿನಾ ಟೀಚರ್ ನಡೆಸುತ್ತಿದ್ದ ಮರಿಯಮ್ಮನವರ ಸಂಘವೆಂದರೆ ಫಾದರ್ ಕೂಡ ಹೆದರುತ್ತಿದ್ದರು. ಸಂಘದವರು ಸತ್ತರೆ ಪೆಟ್ಟಿಗೆಯ ಮೇಲೆ ಪದಕ ತೂಗುವ ನೀಲಿ ಪಟ್ಟಿ ಹಾಸುವುದು ರೂಢಿ. ಬದುಕಿದ್ದವರು ಅದನ್ನು ಕೊರಳಿಗೆ ಹಾಕಿಕೊಂಡು, ದುಃಖಕ್ಕೂ ಇಸ್ತ್ರಿ ಹೊಡೆಸಿದಂಥ ಮುಖದಲ್ಲಿ ಮುಂದಿನ ಬೆಂಚಿನ ಮೇಲೆ ಕೂರುತ್ತಿದ್ದರು. ಪೂಜೆಯ ನಡುವೆ ಯಾರ ಮಗು ಕೇಕೆ ಹಾಕಿದರೂ ಅಷ್ಟೂ ಕತ್ತುಗಳು ಒಟ್ಟಿಗೆ ಹಿಂದಕ್ಕೆ ತಿರುಗುತ್ತಿದ್ದವು. ದೇವರ ಮುಂದೆ ಹಲ್ಲು ಕಾಣಿಸಬಾರದೆಂದು ಯಾರು ಹೇಳಿಕೊಟ್ಟಿದ್ದರೋ, ಆ ಹಲ್ಲುಗಳೆಲ್ಲ ಊರವರ ಮೇಲೆ ಚಾಡಿ ಹೇಳುವಾಗ ಮಾತ್ರ ಧಾರಾಳವಾಗಿ ಕಾಣುತ್ತಿದ್ದವು.

ಈಗಲೂ ಎರಡನೇ ಬೆಂಚಿನಲ್ಲಿ ಅದೇ ನಡೆದಿತ್ತು.

"ಪಾಪ, ಹೋದ್ಲು," ಎಂದರು ಲೀನಮ್ಮ.

"ಪಾಪ ಏನ್ ಬಂತು? ಶುಭಶುಕ್ರವಾರ ಶಿಲುಬೆಹಾದೀಲಿ ಪಕ್ಕದೋಳ ಕೈಗೆ ಹುರಿಗಡ್ಲೆ ಹಾಕಿದ್ಲಲ್ಲ, ಮರ್ತ್‌ಬಿಟ್ರಾ?" ಎಂದರು ಪಕ್ಕದಲ್ಲಿದ್ದವರು.

"ಪಕ್ಕದೋಳು ಬಸುರಿ ಕಣ್ರೀ."

"ಬಸುರಿ ಆದ್ರೇನು? ಉಪವಾಸ ಉಪವಾಸವೇ."

*

ಇನ್ನಾಸಮ್ಮನ ಕೊರಳಿನ ಪಟ್ಟಿ ಹೋದದ್ದು ಒಂದು ಸಾವಿನ ಮನೆಯಿಂದ. ಸತ್ತವರು ಫಿಲೋಮಿನಾ ಟೀಚರ ಅತ್ತೆ.

ಜಪಸರ ಹೇಳುವಾಗ ಒಂದೊಂದು ದಿನಕ್ಕೆ ಒಂದೊಂದು ಬಗೆಯ ರಹಸ್ಯವನ್ನು, ಅಂದರೆ ಯೇಸು ಮತ್ತು ಮರಿಯಮ್ಮನವರ ಬದುಕಿನ ಘಟನೆಗಳನ್ನು, ಧ್ಯಾನಿಸಬೇಕು. ಶುಕ್ರವಾರವಾದರೆ, ಸಾವಿನ ಮನೆಯಾದರೆ, ದುಃಖದ ರಹಸ್ಯಗಳು. ಇನ್ನಾಸಮ್ಮ ಮಾತ್ರ ಜನ್ಮದಲ್ಲಿ ಸಂತೋಷದ ರಹಸ್ಯ ಬಿಟ್ಟು ಬೇರೆ ಹೇಳಿದವಳಲ್ಲ. ಆವತ್ತು ಶುಕ್ರವಾರ, ಸಾವಿನ ಮನೆ ಬೇರೆ. ಸರದಿ ತನ್ನ ಬಳಿ ಬಂದಾಗ ಅವಳು ಕಣ್ಣು ಮುಚ್ಚಿ, ಎರಡನೇ ಸಂತೋಷದ ರಹಸ್ಯ, ಮರಿಯಮ್ಮನವರು ನೆಂಟರಾದ ಎಲಿಸಬೆತಮ್ಮನವರನ್ನು ನೋಡಲು ಹೋದದ್ದು, ಎಂದು ರಾಗವಾಗಿ ಶುರು ಮಾಡಿಬಿಟ್ಟಳು.

"ಇನ್ನಾಸಮ್ಮ! ಇದು ಸಾವಿನ ಮನೆ," ಎಂದರು ಟೀಚರ್.

"ಗೊತ್ತು ಟೀಚರಮ್ಮ. ಸತ್ತೋರ ಮುಂದೆ ಮುಳ್ಳಿನ್ ಕಿರೀಟ, ಚಾಟಿ ಏಟು ಅಂತ ಏನ್ ಏಳದು? ಅಜ್ಜಿ ಮಂಚದ್ ಮ್ಯಾಲೆ ಎಲ್ಲಾನೂ ನೋಡ್‌ಬುಟ್ಟವ್ಳೆ. ಈಗ ನೆಂಟರ ಮನೆಗ್ ಒಂಟವ್ಳೆ. ನೆಂಟರ ಮನೆ ಸುದ್ದೀನೇ ಏಳಾನ ಬುಡಿ."

ಯಾರೋ ಕಿಸಕ್ಕೆಂದರು. ಅಜ್ಜಿಯನ್ನು ಆ ಮಂಚದ ಮೇಲೆ ಹೇಗೆ ನೋಡಿಕೊಂಡಿದ್ದರೆಂಬುದು ಕೇರಿಗೆಲ್ಲ ಗೊತ್ತಿತ್ತು. ಮುಂದಿನ ಭಾನುವಾರ ಪೂಜೆ ಮುಗಿದೊಡನೆ, ಜನ ಏಳುವ ಮೊದಲೇ, ಟೀಚರ್ ಬಂದು ಇನ್ನಾಸಮ್ಮನ ಕೊರಳಿನಿಂದ ಪಟ್ಟಿ ತೆಗೆದರು. ಇನ್ನಾಸಮ್ಮ ತಲೆ ಬಗ್ಗಿಸಿ ತೆಗೆಯಲು ಅನುಕೂಲ ಮಾಡಿಕೊಟ್ಟಳು.

ಮನೆಗೆ ಬಂದ ಮೇಲೆ ಜಸಿಂತಾ ಹಾರಾಡಿದಾಗ ಇನ್ನಾಸಮ್ಮ ಸಾರಿಗೆ ಒಗ್ಗರಣೆ ಹಾಕುತ್ತಾ ಅಂದಿದ್ದಳು: "ಓದ್ರೆ ಓಗ್ಲಿ ಬುಡು ಮಗ, ಕುತ್ಗೆ ಅಗುರಾಯ್ತು. ಆದ್ರೆ ನಾ ಸತ್ತಾಗ ಎಂಗಾರಾ ಮಾಡಿ ಒಂದ್ ಸಲ ಆಕ್‌ಬುಡು. ಅಲ್ಲಿ ಜನ ಜಾಸ್ತಿ ಇರ್ತಾರೆ. ಮರಿಯಮ್ಮ ತಾಯಿ ನನ್ನ ದೂರದಿಂದ್ಲೇ ಗುರ್ತು ಇಡೀಬೇಕಲ್ಲ."

ಹಾಗೆಂದು ನಗಲಿಲ್ಲ. ಅವ್ವ ಮಾತು ಮುಗಿಸಿ ನಗದೇ ಇದ್ದದ್ದನ್ನು ಜಸಿಂತಾ ನೋಡಿದ್ದು ಅದೇ ಮೊದಲು.

*

ಚರ್ಚಿನ ಹೊರಗೆ ಗುರುಮಲ್ಲಪ್ಪನ ಟೆಂಪೊ ಬಂದು ನಿಂತಿತು. ಅದು ಹೊಗೆಸೊಪ್ಪು ಸಾಗಿಸುವ ಟೆಂಪೊ. ಇವತ್ತು ಇನ್ನಾಸಮ್ಮನನ್ನು ಸಮಾಧಿಗೆ ಒಯ್ಯಬೇಕಿತ್ತು. ಅದರೊಳಗಿಂದ ಅವಳ ಜೊತೆ ಸೊಪ್ಪು ಕಟ್ಟುತ್ತಿದ್ದ ಹೆಂಗಸರು ಒಬ್ಬರ ಹಿಂದೊಬ್ಬರು ಇಳಿದು, ಕೆಲಸದ ಸೀರೆಯಲ್ಲೇ ಬಾಗಿಲಿಗೆ ಬಂದರು. ಮುಂದೆ ಪುಟ್ಟಮಾದಮ್ಮ, ಅವಳ ಬೆನ್ನಿಗೆ ಚೆಲುವಮ್ಮ.

"ಚಪ್ಪಲಿ ಹೊರಗೆ," ಎಂದರು ಟೀಚರ್.

"ಆಕಿದ್ರೆ ತಾನೇ ಬುಡದು," ಎಂದಳು ಪುಟ್ಟಮಾದಮ್ಮ.

"ಕೈ ಆದ್ರೂ ತೊಳ್ಕೊಂಡು ಬರಬಾರ್ದಿತ್ತಾ?"

"ತೊಳ್ದೀವಿ ಕಣಮ್ಮ. ಸೊಪ್ಪಿನ್ ಅಂಟು, ಓಗಕಿಲ್ಲ. ನಿಮ್ ಇನ್ನಾಸಕ್ಕನ್ ಕೈನೂ ನೋಡಿ, ಅಂಗೇ ಅದೆ."

ನಿಜ. ಜಪಸರ ಸುತ್ತಿದ್ದ ಆ ಬೆರಳುಗಳ ಸಂದಿನ ಕಪ್ಪು ಹೋಗಿರಲಿಲ್ಲ.

*

ಗುರುಮಲ್ಲಪ್ಪನ ಸೊಪ್ಪು ಹದ ಮಾಡುವ ಬ್ಯಾರನ್ ಪಕ್ಕದ ಚಪ್ಪರದಲ್ಲಿ ಹೆಂಗಸರು ಹಸಿ ಎಲೆಗಳನ್ನು ಕಡ್ಡಿಗೆ ದಾರದಿಂದ ಕಟ್ಟಿಕೊಡಬೇಕು. ಅತ್ತ ಒಂದು ಹಿಡಿ, ಇತ್ತ ಒಂದು ಹಿಡಿ. ಜಪಸರ ಹಿಡಿಯಲು ಕೈ ಬಿಡುವಿಲ್ಲದೆ ಇನ್ನಾಸಮ್ಮ ಎಲೆಯ ಹಿಡಿಗಳನ್ನೇ ಮಣಿ ಮಾಡಿಕೊಂಡಿದ್ದಳು. ಅತ್ತಲ ಹಿಡಿಗೆ ಅವಳು ನಮೋ ಮರಿಯಾ ಎಂದರೆ, ಇತ್ತಲ ಹಿಡಿಗೆ ಸಂತ ಮರಿಯಾ ಎಂದು ಯಾರಾದರೂ ಹೇಳಬೇಕಲ್ಲ! ಎದುರಿಗೆ ಕೂತ ಪುಟ್ಟಮಾದಮ್ಮ ಹೇಳತೊಡಗಿದಳು. ಆಮೇಲೆ ಚೆಲುವಮ್ಮ. ಆಮೇಲೆ ಚಪ್ಪರವೆಲ್ಲ.

"ನಮ್ ಮಾದಪ್ಪ ಏನಾರ ಅಂದ್ಕಂಡಾನೇನಕ್ಕ?" ಎಂದು ಚೆಲುವಮ್ಮ ಒಂದು ದಿನ ಕೇಳಿದ್ದಳು.

"ಬಸುರಿ ನೋಡಕ್ ಓಗೋ ಕತೆ ಇದು. ಅದ್ಕೆಲ್ಲ ಮಾದಪ್ಪ ಮುನಿಸ್ಕಂಡಾನೇನೇ?" ಎಂದು ಇನ್ನಾಸಮ್ಮ ನಕ್ಕ ಸದ್ದಿಗೆ ಬ್ಯಾರನ್ನಿಗೆ ಸೌದೆ ಒಟ್ಟುತ್ತಿದ್ದವನು ಎದ್ದು ಬಂದಿದ್ದ.

*

ಪೂಜೆಗೆ ಮುಂಚೆ ಟೀಚರ್ ಜಪಸರ ಶುರು ಮಾಡಿದರು. ಮೊದಲನೇ ದುಃಖದ ರಹಸ್ಯ. ಸಂಘದವರು ಹೊಟ್ಟೆನೋವಿನವರ ಹಾಗೆ ನರಳುತ್ತಾ ಉತ್ತರ ಕೊಟ್ಟರು. ಅದರ ಮೇಲಿಂದಲೇ ಬಾಗಿಲ ಕಡೆಯಿಂದ ಉತ್ತರ ಬಂತು, ಈಗಲೂ ನಮ್ಮ ಮರಣದ ಸಮಯದಲ್ಲಿಯೂ ಎಂದು, ಹೊಲದ ಆಚೆ ಬದುವಿಗೆ ಕೇಳುವಷ್ಟು ಜೋರಾಗಿ. ಟೀಚರ ಲಯ ತಪ್ಪಿತು.

"ಅಮ್ಮಾ," ಎಂದಳು ಪುಟ್ಟಮಾದಮ್ಮ, "ಇನ್ನಾಸಕ್ಕ ಇದ್ನ ಏಳ್ತಿರ್ನಿಲ್ಲ. ಎಲಿಸಬೆತಮ್ಮನ್ ಮನೆಗ್ ಓದದ್ದು ಏಳಿ."

"ಇದು ಸಾವು ಕಣಮ್ಮ, ನಿಮ್ಮ ಸೋಬಾನೆ ಪದ ಅಲ್ಲ. ಗೊತ್ತಿಲ್ಲದೋರು ಸುಮ್ನೆ ನಿಂತ್ಕೊಳ್ಳಿ."

ಅಷ್ಟರಲ್ಲಿ ಹೊಸದಾಗಿ ಬಂದಿದ್ದ ಎಳೆ ವಯಸ್ಸಿನ ಫಾದರ್, ಜರಿ ಅಂಚಿನ ನಿಲುವಂಗಿ ಸರಿಮಾಡಿಕೊಳ್ಳುತ್ತಾ ಒಳಕೋಣೆಯಿಂದ ಬಂದರು. ಬಾಗಿಲಲ್ಲಿದ್ದ ಕುಂಕುಮದ ಹಣೆಗಳನ್ನು ನೋಡಿ ಅವರ ಕಣ್ಣು ಅರಳಿತು.

"ಇವರು ಜಪಸರ ಹೇಳ್ತಾರಾ? ಟೀಚರ್, ಇದು ಮಾಸಪತ್ರಿಕೆಗೆ ಬರಲೇಬೇಕು! ಹೇಳಿ ಅಮ್ಮ, ನೀವೇ ಹೇಳಿ," ಎಂದು ಮೊಬೈಲು ತೆಗೆದರು.

"ಎಲ್ಡ್ನೇದು," ಎಂದು ಪುಟ್ಟಮಾದಮ್ಮ ಗಂಟಲು ಸರಿಮಾಡಿಕೊಂಡಳು. "ಮರಿಯಮ್ಮ ಗುಡ್ಡ ಅತ್ಕಂಡು ಎಲಿಸಬೆತಮ್ಮನ್ ಬಾಣಂತನಕ್ ಓದದ್ದು."

ಹೆಂಗಸರು ಪೆಟ್ಟಿಗೆಯ ಸುತ್ತ ಬಂದು ನಿಂತು ಹೇಳತೊಡಗಿದರು. ಕೈಗಳು ತಮಗೇ ಗೊತ್ತಿಲ್ಲದೆ ಅತ್ತ ಇತ್ತ ಆಡುತ್ತಿದ್ದವು. ಫಿಲೋಮಿನಾ ಟೀಚರ್ ಮೊಬೈಲನ್ನು ನೋಡಿದರು. ಸೆರಗು ಸರಿಮಾಡಿಕೊಂಡು, ಹೆಂಗಸರ ನಡುವೆ ಮೊಣಕೈ ತೂರಿಸಿ, ಪೆಟ್ಟಿಗೆಯ ತಲೆಯ ಬಳಿ ಬಂದು ನಿಂತರು. ಜಿಪ್ಪು ಸರ್‍ರೆಂದಿತು. ನೀಲಿ ಪಟ್ಟಿ ಹೊರಬಂದು ಪೆಟ್ಟಿಗೆಯ ಮೇಲೆ ಅಂದವಾಗಿ ಹಾಸಿಕೊಂಡಿತು.

"ತೀರಿಕೊಂಡವರು ನಿಮ್ಮ ಸಂಘದ ಸದಸ್ಯರಾ?" ಎಂದರು ಫಾದರ್, ಫೋಟೊ ತೆಗೆಯುತ್ತಾ.

"ಹಳೇ ಸದಸ್ಯೆ ಫಾದರ್. ಸೊಪ್ಪು ಕಟ್ಟೋ ಇಂಥೋರಿಗೆ ಜಪಸರ ಕಲಿಸೋದು ನಮ್ಮ ಸಂಘದ ಸೇವೇನೇ."

ಫೋಟೊ ಮುಗಿದು, ಟೀಚರ ಎರಡು ಬೆರಳು ಮತ್ತೆ ಪಟ್ಟಿಯ ಕಡೆ ಹರಿದು ಬರುವಷ್ಟರಲ್ಲಿ ಅದು ಜಸಿಂತಾಳ ಅಂಗೈಗೆ ಬಿಗಿಯಾಗಿ ಸುತ್ತಿಕೊಂಡಿತ್ತು.

"ಕೊಡು," ಎಂದು ಟೀಚರ್ ಪಿಸುಗುಟ್ಟಿದರು.

"ಫಾದರ್ ಮುಂದೆ, ಜೋರಾಗಿ ಕೇಳಿ ಟೀಚರ್."

ಟೀಚರ್ ಫಾದರ್ ಕಡೆ ನೋಡಿ, ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

*

ಪೂಜೆ ಮುಗಿದು ಪೆಟ್ಟಿಗೆ ಟೆಂಪೊ ಏರಿತು. ಗುರುಮಲ್ಲಪ್ಪ ಹಿಂದಿನ ಬಾಗಿಲು ಎತ್ತಿ ನಿಲ್ಲಿಸಿದರೆ ಅದು ಧಡಾರನೆ ಬಿತ್ತು.

"ಥೂ, ಕೊಂಡಿ ಮುರ್ದೋಗಿ ತಿಂಗ್ಳಾಯ್ತು ಕಣವ್ವ. ಅಗ್ಗ ಕಟ್ತಿದ್ದೆ, ಬ್ಯಾರನ್‌ತವೇ ಬುಟ್‌ಬಂದಿವ್ನಿ. ಏರಿ ಅತ್ತುವಾಗ ಪೆಟ್ಗೆ ಜಾರ್‍ತದೆ."

ಜಸಿಂತಾ ಅಂಗೈ ನೋಡಿದಳು. ಸುತ್ತು ಬಿಚ್ಚಿದಳು. ಬಾಗಿಲು ಎತ್ತಿ ಹಿಡಿದು, ಪಟ್ಟಿಯನ್ನು ಅತ್ತ ಒಂದು ಸುತ್ತು, ಇತ್ತ ಒಂದು ಸುತ್ತು ತಂದು, ಅವ್ವ ಕಡ್ಡಿಯ ತುದಿಗೆ ಹಾಕುತ್ತಿದ್ದ ಗಂಟನ್ನು ಹಾಕಿ ಎಳೆದಳು. ಪದಕ ತಗಡಿಗೆ ಬಡಿದು ಟಣ್ ಎಂದಿತು.

"ಅಯ್ಯೋ, ಮಂತ್ರಿಸಿದ ಪಟ್ಟಿ ಅದು!" ಎಂದು ಟೀಚರ್ ಕಿರುಚಿದರು.

"ಅದ್ಕೇ ಕಣಮ್ಮ, ಗಟ್ಟಿಯಾಗಿರ್‍ತದೆ," ಎಂದಳು ಪುಟ್ಟಮಾದಮ್ಮ.

ಟೆಂಪೊ ಹೊರಟಿತು. ಪೆಟ್ಟಿಗೆಯ ಬೆನ್ನಿಗೇ ಸಂಘದವರು ನಡೆಯಬೇಕು, ಅವರೇ ಮಾಡಿದ ನಿಯಮ. ಫಿಲೋಮಿನಾ ಟೀಚರ್ ಹೊಗೆ ಕುಡಿಯುತ್ತಾ, ಗಂಟಿಗೆ ಮೂಗು ಕೊಟ್ಟುಕೊಂಡು, ದುಃಖದ ರಹಸ್ಯದ ಮುಖದಲ್ಲಿ ನಡೆದರು. ಏರಿ ಹತ್ತುವಾಗ ಗಾಳಿ ಎದ್ದಿತು. ಗಂಟಿನಾಚೆ ಉಳಿದಿದ್ದ ಪಟ್ಟಿಯ ಎರಡೂ ತುದಿಗಳು ಪಟಪಟನೆ ಹಾರತೊಡಗಿದವು.

ದೂರದ ಹೊಗೆಸೊಪ್ಪಿನ ಹೊಲದಲ್ಲಿ ಎಲೆ ಮುರಿಯುತ್ತಿದ್ದವಳೊಬ್ಬಳು ನಡು ನೆಟ್ಟಗೆ ಮಾಡಿ, ಅಂಟು ಹತ್ತಿದ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನೋಡಿದಳು. ಅಷ್ಟು ದೂರಕ್ಕೆ ಪೆಟ್ಟಿಗೆಯೂ ಕಾಣದು, ಮುಖವೂ ಕಾಣದು.

"ಇನ್ನಾಸಕ್ಕ ಕಣ್ರೇ, ಅಗೋ!" ಎಂದು ಕೂಗಿ, ಕೈ ಬೀಸಿದಳು.